ಬಿಳಿಗಾರದಿಂದ ಬೋರಾನ್ ನೈಟ್ರೈಡ್‌ವರೆಗೆ
(ಸಿರುಗುಪ್ಪದಲ್ಲಿ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯ ಅಂಗವಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವವರಿಗೆ ವಿಜ್ಞಾನ ದಿನದಂದು ಏನು ಕೆಲಸ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕೆಲಸ ಇದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ನಾನು ಒಂದು ಸಂಗತಿಯನ್ನು ಕಾಣುತ್ತಿದ್ದೇನೆ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳೇ ಪಿ.ಯು.ಸಿ.ಗೆ ವಿಜ್ಞಾನ ಬೇಡ ಎನ್ನುತ್ತಾರೆ. ಏಕೆಂದು ಕೇಳಿದರೆ ಲೆಕ್ಕ ಕಷ್ಟ ಎಂದು ಹೇಳುವವರು ಕಡಿಮೆ. "ಸರ್, ಅಲ್ಲಿ ಹೆಸರುಗಳೇ ಅರ್ಥ ಆಗೋದಿಲ್ಲಂತೆ" ಎಂದು ಹೇಳುವವರೇ ಹೆಚ್ಚು. ತಾಯಂದಿರಂತೂ "ನಮ್ಮ ಹುಡುಗಿ ಉರ್ದು ಮೀಡಿಯಂ ಅಲ್ವಾ ಸರ್, ಆಕೆಗೆ ಆಗುತ್ತದಾ?" ಎಂದು ಕೇಳುತ್ತಾರೆ. ಭಯ ಹುಟ್ಟುತ್ತಿರುವುದು ಪದಗಳಿಂದ. ಪದಗಳು ಭಾಷಾ ಶಿಕ್ಷಕರ ಪಾಲಿಗೆ ಬಂದ ವಿಷಯ. ಆದ್ದರಿಂದ ಈ ದಿನ ಕೇಳಲು ತೀರ ಪರಕೀಯವೆನಿಸುವ ಒಂದು ಹೆಸರನ್ನೇ ಆರಿಸಿಕೊಂಡು ಬಂದಿದ್ದೇನೆ. ಅದು ಬೋರಾನ್ ನೈಟ್ರೈಡ್.

ಮೊದಲು ಹೆಸರಿನಿಂದಲೇ ಪ್ರಾರಂಭಿಸೋಣ. ಅಕ್ಕಸಾಲಿಗರ ಅಂಗಡಿಯಲ್ಲಿ ಕುಳಿತು ಒಡವೆ ಬೆಸೆಯುವುದನ್ನು ನೋಡಿದ್ದೀರಿ. ಬೆಸುಗೆ ಹಾಕುವ ಮುನ್ನ ಅವರು ಒಂದು ಬಿಳಿಯ ಪುಡಿಯನ್ನು ನೀರಿನಲ್ಲಿ ತೇಯ್ದು ಹಚ್ಚುತ್ತಾರೆ. ಅದು ಬಿಳಿಗಾರ. ಉರ್ದುವಿನಲ್ಲಿ ಸುಹಾಗಾ. ಸಂಸ್ಕೃತದಲ್ಲಿ ಟಂಕಣ. ಅರಬ್ಬಿ ಭಾಷೆಯಲ್ಲಿ ಅದಕ್ಕೆ ಬೌರಖ್ ಎಂಬ ಹೆಸರಿತ್ತು. ಒಂಬತ್ತು ಮತ್ತು ಹತ್ತನೆಯ ಶತಮಾನದಲ್ಲಿ ಬಾಳಿದ ವೈದ್ಯ ಅಬೂಬಕರ್ ಅಲ್ ರಾಝಿ ಖನಿಜ ಪದಾರ್ಥಗಳನ್ನು ಆರು ವರ್ಗಗಳಾಗಿ ವಿಂಗಡಿಸಿದಾಗ ಈ ಬೌರಖ್‌ಗಳಿಗೇ ಒಂದು ವರ್ಗವನ್ನು ಮೀಸಲಿಟ್ಟಿದ್ದರು. ಆ ಅರಬ್ಬಿ ಪದ ಲ್ಯಾಟಿನ್ನಿಗೆ ಹೋಗಿ ಬೊರಾಕ್ಸ್ ಆಯಿತು. 1808ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ, ಪ್ಯಾರಿಸ್ಸಿನಲ್ಲಿ ಗೇ-ಲುಸಾಕ್ ಮತ್ತು ಥೆನಾರ್ ಅವರು ಬೊರಾಕ್ಸಿನಿಂದ ಪಡೆದ ಬೋರಿಕ್ ಆಮ್ಲವನ್ನು ಒಡೆದು ಒಂದು ಹೊಸ ಮೂಲವಸ್ತುವನ್ನು ಬೇರ್ಪಡಿಸಿದರು. ಬೊರಾಕ್ಸಿನಿಂದ ಬಂದದ್ದು ಬೋರಾನ್. ಇನ್ನೂ ಒಂದು ಸ್ವಾರಸ್ಯವಿದೆ. ಟಿಬೆಟ್ಟಿನ ಸರೋವರಗಳ ದಂಡೆಯಿಂದ ಹಿಮಾಲಯ ದಾಟಿ ಬರುತ್ತಿದ್ದ ಕಚ್ಚಾ ಬಿಳಿಗಾರವನ್ನು ಯೂರೋಪಿನವರು ಟಿಂಕಾಲ್ ಎಂದು ಕರೆದರು. ಅದು ನಮ್ಮ ಟಂಕಣವೇ. ಹೀಗೆ ಒಂದೇ ವಸ್ತುವಿಗೆ ಇಂಗ್ಲಿಷಿನವರು ಇಟ್ಟುಕೊಂಡ ಎರಡು ಹೆಸರುಗಳಲ್ಲಿ ಒಂದು ಅರಬ್ಬಿಯಿಂದ ಹೋಯಿತು, ಇನ್ನೊಂದು ಸಂಸ್ಕೃತದಿಂದ. ಉರ್ದು ತರಗತಿಯಲ್ಲೂ ಕನ್ನಡ ತರಗತಿಯಲ್ಲೂ ಕುಳಿತ ಹುಡುಗಿಗೆ ಈ ಪದ ಪರಕೀಯವಾಗುವುದಾದರೂ ಹೇಗೆ?

ಇನ್ನು ನೈಟ್ರೈಡ್ ಎಂದರೆ ನೈಟ್ರೋಜನ್ನಿನ ಸಂಯುಕ್ತ. ನೈಟ್ರೋಜನ್ ಎಂದರೆ ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ಅದು 100ಕ್ಕೆ 78 ಭಾಗ ಇದೆ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ತಾಲ್ಲೂಕಿನ ರೈತರಿಗೆ ಸಾರಜನಕದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಯೂರಿಯಾ ಚೀಲದ ಮೇಲೆ 46 ಎಂದು ಮುದ್ರಿಸಿರುವುದು ಸಾರಜನಕದ ಶೇಕಡಾವಾರು ಪ್ರಮಾಣವೇ. ಬೋರಾನ್ ಹೆಸರೂ ಅವರಿಗೆ ಗೊತ್ತು. ಬೆಳೆಗೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಪೋಷಕಾಂಶವೆಂದು ಗೊಬ್ಬರದ ಅಂಗಡಿಯಲ್ಲಿ ಅದನ್ನು ಕೊಳ್ಳುತ್ತಾರೆ.

ಈಗ ಮಕ್ಕಳೇ, ಒಂದು ಸಣ್ಣ ಕೂಡುವ ಲೆಕ್ಕ. ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ಬೋರಾನ್ 5ನೆಯದು, ಇಂಗಾಲ 6ನೆಯದು, ಸಾರಜನಕ 7ನೆಯದು. ಇಂಗಾಲದ ಎರಡು ಪರಮಾಣುಗಳನ್ನು ತೆಗೆದುಕೊಂಡರೆ 6 ಮತ್ತು 6 ಸೇರಿ 12 ಎಲೆಕ್ಟ್ರಾನ್‌ಗಳು. ಒಂದು ಬೋರಾನ್, ಒಂದು ಸಾರಜನಕ ತೆಗೆದುಕೊಂಡರೆ 5 ಮತ್ತು 7 ಸೇರಿ ಮತ್ತೆ 12. ಇಂಗಾಲದ ಎಡಗಡೆಯ ಮನೆಯವರೂ ಬಲಗಡೆಯ ಮನೆಯವರೂ ಸೇರಿ ಇಂಗಾಲದ ಲೆಕ್ಕವನ್ನೇ ತುಂಬಿಕೊಡುತ್ತಾರೆ. ಬೋರಾನ್ ನೈಟ್ರೈಡಿನ ಕಥೆಯೆಲ್ಲ ಈ ಲೆಕ್ಕದಲ್ಲಿದೆ. ಇಂಗಾಲ ಹೇಗೆ ಪೆನ್ಸಿಲ್ಲಿನ ಗ್ರಾಫೈಟ್ ಆಗಿಯೂ ಉಂಗುರದ ವಜ್ರವಾಗಿಯೂ ಇರಬಲ್ಲದೋ ಹಾಗೆಯೇ ಬೋರಾನ್ ನೈಟ್ರೈಡ್ ಕೂಡ ಎರಡು ಮುಖ್ಯ ರೂಪಗಳಲ್ಲಿ ಇರುತ್ತದೆ. ಒಂದು ಮೆತ್ತನೆಯದು, ಮತ್ತೊಂದು ಅತಿ ಗಡಸು.

ಮೆತ್ತನೆಯ ರೂಪದಲ್ಲಿ ಬೋರಾನ್ ಮತ್ತು ಸಾರಜನಕದ ಪರಮಾಣುಗಳು ಒಂದು ಬಿಟ್ಟು ಒಂದರಂತೆ ಕುಳಿತು ಆರು ಮೂಲೆಯ ಮನೆಗಳನ್ನು ಕಟ್ಟುತ್ತವೆ. ಥೇಟ್ ಜೇನುಹುಟ್ಟಿನಂತೆ. ಇಂತಹ ಹಾಳೆಗಳು ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ. ಹಾಳೆಯ ಒಳಗಿನ ಬಂಧ ಬಹಳ ಬಲವಾದದ್ದು. ಹಾಳೆ ಹಾಳೆಗಳ ನಡುವಿನ ಹಿಡಿತ ಮಾತ್ರ ದುರ್ಬಲ. ಆದ್ದರಿಂದ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಮುಟ್ಟಿದರೆ ಟಾಲ್ಕಂ ಪೌಡರಿನಂತೆ ನುಣುಪು. ಗ್ರಾಫೈಟೂ ಹೀಗೆಯೇ ಜಾರುತ್ತದೆ, ಆದರೆ ಅದು ಕಪ್ಪು. ಇದು ಅಚ್ಚ ಬಿಳುಪು. ಅದಕ್ಕಾಗಿಯೇ ಇದನ್ನು ಬಿಳಿ ಗ್ರಾಫೈಟ್ ಎಂದೂ ಕರೆಯುತ್ತಾರೆ. ಬಣ್ಣದ ವ್ಯತ್ಯಾಸಕ್ಕೆ ಕಾರಣವಿದೆ. ಗ್ರಾಫೈಟಿನಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಹಾಳೆಯ ತುಂಬ ಸ್ವತಂತ್ರವಾಗಿ ಓಡಾಡುತ್ತವೆ. ಅವು ಬೆಳಕನ್ನು ಹೀರುತ್ತವೆ, ವಿದ್ಯುತ್ತನ್ನು ಸಾಗಿಸುತ್ತವೆ. ಬೋರಾನ್ ನೈಟ್ರೈಡಿನಲ್ಲಿ ಸಾರಜನಕವು ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಕರೆಂಟು ಹರಿಯದು, ಪುಡಿಯೂ ಬೆಳ್ಳಗೆ ಉಳಿಯುತ್ತದೆ.

ಇಲ್ಲಿಯೇ ಈ ವಸ್ತುವಿನ ದೊಡ್ಡ ಗುಣವಿದೆ. ಸಾಮಾನ್ಯವಾಗಿ ಶಾಖವನ್ನು ಚೆನ್ನಾಗಿ ಸಾಗಿಸುವ ವಸ್ತುಗಳು ವಿದ್ಯುತ್ತನ್ನೂ ಸಾಗಿಸುತ್ತವೆ. ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ಹಂಚು ಎಲ್ಲವೂ ಹೀಗೆಯೇ. ವಿದ್ಯುತ್ತನ್ನು ತಡೆಯುವ ಕಟ್ಟಿಗೆ, ರಬ್ಬರು, ಪ್ಲಾಸ್ಟಿಕ್ಕು ಶಾಖವನ್ನೂ ತಡೆಯುತ್ತವೆ. ಬೋರಾನ್ ನೈಟ್ರೈಡ್ ಮಾತ್ರ ತನ್ನ ಹಾಳೆಯ ಉದ್ದಕ್ಕೂ ಶಾಖವನ್ನು ಲೋಹದಂತೆ ಸರಾಗವಾಗಿ ಸಾಗಿಸಿ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ. ಹಾಳೆಗೆ ಅಡ್ಡಲಾಗಿ ಶಾಖ ಸಾಗುವುದು ಕಡಿಮೆ ಎಂಬುದನ್ನೂ ನೆನಪಿಡಬೇಕು. ಇಂದಿನ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬೇಕಾಗಿರುವುದು ಇಂತಹದೇ ವಸ್ತು. ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸಬೇಕು, ಆದರೆ ಶಾರ್ಟ್ ಆಗಬಾರದು. ಅದಕ್ಕಾಗಿ ಇದರ ಪುಡಿಯನ್ನು ಸಿಲಿಕೋನ್ ರಬ್ಬರಿನಲ್ಲಿ ಬೆರೆಸಿ ತೆಳುವಾದ ಮೆತ್ತೆಗಳನ್ನು ಮಾಡಿ ಚಿಪ್ಪಿಗೂ ಲೋಹಕ್ಕೂ ನಡುವೆ ಇಡುತ್ತಾರೆ.

ಎರಡನೆಯ ಗುಣ, ಬೆಂಕಿಯ ಮುಂದಿನ ತಾಳ್ಮೆ. ಗಾಳಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಅಲುಗುವುದಿಲ್ಲ. ಗ್ರಾಫೈಟ್ ಅದಕ್ಕಿಂತ ಬಹಳ ಮೊದಲೇ ಉರಿಯಲು ಹತ್ತುತ್ತದೆ. ಗಾಳಿಯಿಲ್ಲದ ಕಡೆ, ಉದಾಹರಣೆಗೆ ಶುದ್ಧ ಸಾರಜನಕದಲ್ಲಿ, 2,000 ಡಿಗ್ರಿಗೂ ಮೇಲೆ ಹೋಗಬಹುದು. ಕರಗಿದ ಲೋಹ ಇದರ ಮೈಗೆ ಅಂಟುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. ಅಕ್ಕಸಾಲಿಗರು ಚಿನ್ನ ಕರಗಿಸುವ ಮೂಸೆ ಇದೆಯಲ್ಲ, ಹಾಗೆ ವಿಶೇಷ ಲೋಹಗಳನ್ನು ಕರಗಿಸಲು ಬೋರಾನ್ ನೈಟ್ರೈಡಿನ ಮೂಸೆಗಳಿವೆ. ಅಲ್ಯೂಮಿನಿಯಂ ಎರಕ ಹೊಯ್ಯುವ ಕಡೆ ಸೌಟಿಗೂ ಅಚ್ಚಿಗೂ ಇದನ್ನು ಬಳಿಯುತ್ತಾರೆ. ಇನ್ನೊಂದು ಉದಾಹರಣೆ ಪ್ರತಿಯೊಂದು ಮಗುವಿನ ಕೈಯಲ್ಲೂ ಇದೆ. ಚಿಪ್ಸ್ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆಯಲ್ಲವೇ? ಅದು ಪ್ಲಾಸ್ಟಿಕ್ ಹಾಳೆಯ ಮೇಲೆ ಆವಿಯಾಗಿ ಕುಳಿತ ಅಲ್ಯೂಮಿನಿಯಂ. ನಿರ್ವಾತದಲ್ಲಿ ಅಲ್ಯೂಮಿನಿಯಂ ತಂತಿಯನ್ನು ಕುದಿಸಿ ಆವಿ ಮಾಡಲು ದೋಣಿಯಾಕಾರದ ಸಣ್ಣ ಪಾತ್ರೆ ಬೇಕು. ಆ ಪಾತ್ರೆಯನ್ನು ಬೋರಾನ್ ನೈಟ್ರೈಡ್ ಮತ್ತು ಟೈಟಾನಿಯಂ ಡೈಬೋರೈಡ್ ಬೆರೆಸಿ ಮಾಡುತ್ತಾರೆ. ಮುಖಕ್ಕೆ ಹಚ್ಚುವ ಕೆಲವು ಪೌಡರುಗಳಲ್ಲಿ, ಲಿಪ್‌ಸ್ಟಿಕ್ಕುಗಳಲ್ಲಿ ನುಣುಪಿಗಾಗಿ ಇದನ್ನು ಸೇರಿಸುವುದೂ ಉಂಟು. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವಿದ್ದವರಿಗೆ ಹೆಸರು ಸಿಕ್ಕೀತು.

ಈ ಮೆತ್ತನೆಯ ರೂಪವನ್ನು 1842ರಲ್ಲಿ ಇಂಗ್ಲೆಂಡಿನ ಬಾಲ್ಮೈನ್ ಎಂಬ ರಸಾಯನಶಾಸ್ತ್ರಜ್ಞ ಮೊದಲು ತಯಾರಿಸಿದ. ಅದು ಉದ್ಯೋಗಕ್ಕೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಗಡಸು ರೂಪದ ಕಥೆ ಬೇರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ 1954ರಲ್ಲಿ ಗ್ರಾಫೈಟನ್ನು ಹಿಂಡಿ ಕೃತಕ ವಜ್ರ ಮಾಡಿದ್ದರು. ಅಲ್ಲಿಯೇ ಇದ್ದ ರಾಬರ್ಟ್ ವೆಂಟಾರ್ಫ್, ಕಪ್ಪು ಗ್ರಾಫೈಟ್ ವಜ್ರವಾಗುವುದಾದರೆ ಬಿಳಿ ಗ್ರಾಫೈಟ್ ಏನಾದೀತು ಎಂದು ನೋಡಹೊರಟರು. ಸುಮಾರು 50,000 ವಾಯುಮಂಡಲಗಳ ಒತ್ತಡ, 1,500 ಡಿಗ್ರಿಗೂ ಮೀರಿದ ಶಾಖ. 1957ರಲ್ಲಿ ಹೊರಬಂದದ್ದು ಪ್ರಕೃತಿಯಲ್ಲಿ ಅದುವರೆಗೆ ಯಾರೂ ಕಂಡಿರದ ಹರಳು, ಘನಾಕೃತಿಯ ಬೋರಾನ್ ನೈಟ್ರೈಡ್. ಜಾರುತ್ತಿದ್ದ ಹಾಳೆಗಳು ಈಗ ನಾಲ್ಕೂ ದಿಕ್ಕಿಗೆ ಕೈ ಹಿಡಿದುಕೊಂಡು ವಜ್ರದ ಮಾದರಿಯಲ್ಲಿ ಬಿಗಿದುಕೊಂಡಿದ್ದವು. ಗಡಸುತನದಲ್ಲಿ ಅದು ವಜ್ರದ ಅರ್ಧದಷ್ಟು ಅಥವಾ ತುಸು ಹೆಚ್ಚು. ಅರ್ಧವೇ ಎಂದು ಮೂಗು ಮುರಿಯಬೇಡಿ. ಉದ್ಯೋಗದಲ್ಲಿ ಬಳಕೆಯಲ್ಲಿರುವ ಪದಾರ್ಥಗಳಲ್ಲಿ ವಜ್ರದ ನಂತರದ ಸ್ಥಾನ ಇದರದೇ. 1969ರಲ್ಲಿ ಬೊರಾಝಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಟಿಬೆಟ್ಟಿನ ಶಿಲೆಯಲ್ಲಿ ಅತಿ ಸೂಕ್ಷ್ಮ ಕಣಗಳಾಗಿ ಇದು ನೈಸರ್ಗಿಕವಾಗಿಯೂ ಸಿಕ್ಕಿತು. 2013ರಲ್ಲಿ ಆ ಖನಿಜಕ್ಕೆ ಕ್ವಿಂಗ್‌ಸಾಂಗೈಟ್ ಎಂಬ ಹೆಸರು ಮಾನ್ಯವಾಯಿತು.

ವಜ್ರವಿರುವಾಗ ವಜ್ರಕ್ಕಿಂತ ಮೆತ್ತಗಿನದು ಏಕೆ ಬೇಕು? ಈ ಪ್ರಶ್ನೆಗೆ ಉತ್ತರ ಬಳ್ಳಾರಿ ಸೀಮೆಯವರಿಗೆ ಬೇಗ ಹೊಳೆಯಬೇಕು, ಏಕೆಂದರೆ ನಾವು ಕಬ್ಬಿಣದ ನಾಡಿನವರು. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಮ್ಮ ಜಿಲ್ಲೆಯಲ್ಲಿವೆ. ವಜ್ರವೆಂದರೆ ಇಂಗಾಲ. ಕಬ್ಬಿಣಕ್ಕೆ ಇಂಗಾಲವೆಂದರೆ ಬಹಳ ಪ್ರೀತಿ. ಕಬ್ಬಿಣ ಇಂಗಾಲವನ್ನು ಹೀರಿಕೊಂಡೇ ಉಕ್ಕಾಗುವುದು. ವಜ್ರದ ಮೊನೆಯಿಂದ ಉಕ್ಕನ್ನು ವೇಗವಾಗಿ ಕೊರೆದರೆ ಘರ್ಷಣೆಯ ಬಿಸಿಗೆ ವಜ್ರದ ಇಂಗಾಲವೇ ಉಕ್ಕಿನೊಳಗೆ ಕರಗಿ ಮೊನೆ ಸವೆದುಹೋಗುತ್ತದೆ. ಬೋರಾನ್ ನೈಟ್ರೈಡಿನಲ್ಲಿ ಇಂಗಾಲವೇ ಇಲ್ಲ, ಕಬ್ಬಿಣ ಅದನ್ನು ತಿನ್ನಲಾರದು. ಬೇರಿಂಗು, ಗಿಯರು, ಎಂಜಿನ್ನಿನ ಕ್ಯಾಮ್ ಷಾಫ್ಟು ಮುಂತಾದವನ್ನು ಕಾಯಿಸಿ ಹದಗೊಳಿಸಿದ ಮೇಲೆ ಅವುಗಳಿಗೆ ಕೊನೆಯ ಸಾಣೆ ಹಿಡಿಯುವುದು ಇದರ ಚಕ್ರಗಳಿಂದ.

ನಮ್ಮೂರಿನ ಲೇತ್ ಅಂಗಡಿಗಳಲ್ಲಿ ಟರ್ನರ್ ಕೆಲಸ ಮಾಡುವ ಹುಡುಗರು 'ವಿಡಿಯಾ ಟಿಪ್' ಎನ್ನುತ್ತಾರೆ. ಅದು ಟಂಗ್‌ಸ್ಟನ್ ಕಾರ್ಬೈಡ್. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇಟ್ಟ ಹೆಸರು ಅದು, 'ವಜ್ರದಂತೆ' ಎಂಬ ಎರಡು ಜರ್ಮನ್ ಪದಗಳ ಸಂಕ್ಷೇಪ. ಆ ಹುಡುಗರಲ್ಲಿ ಅನೇಕರು ನಮ್ಮ ಶಾಲೆಗಳಿಂದಲೇ ಹೋದವರು. ಅವರ ನಾಲಿಗೆ ಮೇಲೆ ಜರ್ಮನ್ ಭಾಷೆಯ ಪದ ದಿನವಿಡೀ ಓಡಾಡುತ್ತಿದೆ, ಯಾರೂ ಹೆದರಲಿಲ್ಲ. ಕೆಲಸದಿಂದ ಕಲಿತ ಪದಕ್ಕೆ ಭಯವಿಲ್ಲ, ಪುಸ್ತಕದಲ್ಲಿ ಕಂಡ ಪದಕ್ಕೆ ಮಾತ್ರ ಭಯ ಎಂದಾದರೆ, ಪಾಠ ಮಾಡುವ ನಾವು ಯೋಚಿಸಬೇಕಾದ ವಿಷಯವೇ. ಅಂದಹಾಗೆ, ಗಟ್ಟಿಯಾದದ್ದನ್ನು ಉಜ್ಜಿ ಹದಕ್ಕೆ ತರುವ ವಿದ್ಯೆ ಈ ನೆಲಕ್ಕೆ ಹೊಸದೇನಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲುಕೊಡಲಿಗಳನ್ನು ತಯಾರಿಸುತ್ತಿದ್ದರು. ಅವನ್ನು ಉಜ್ಜಿ ಉಜ್ಜಿ ಬಂಡೆಗಳಲ್ಲಿ ಬಿದ್ದ ತೋಡುಗಳು ಇನ್ನೂ ಇವೆ. ನಮ್ಮದೇ ತಾಲ್ಲೂಕಿನ ತೆಕ್ಕಲಕೋಟೆಯೂ ಆ ಕಾಲದ ನೆಲೆ.

ಒಂದೇ ಬೋರಾನ್, ಒಂದೇ ಸಾರಜನಕ, ಪ್ರಮಾಣವೂ ಒಂದೇ. ಹಾಳೆಯಾಗಿ ಕುಳಿತರೆ ಸಾಧಾರಣ ಉಕ್ಕಿನ ಉಳಿಯಿಂದ ಲೇತ್ ಮೇಲೆ ಅದನ್ನೇ ತುರಿಯಬಹುದು. ಘನಾಕೃತಿಯಲ್ಲಿ ಕುಳಿತರೆ ಆ ಉಕ್ಕನ್ನು ಅದು ತುರಿಯುತ್ತದೆ. ಪರೀಕ್ಷೆಗೆ 'ಬಹುರೂಪತೆ' ಎಂದು ಬಾಯಿಪಾಠ ಮಾಡುವ ಮಕ್ಕಳು ಈ ಉದಾಹರಣೆಯನ್ನು ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ವಜ್ರಕ್ಕಿಂತ ಗಟ್ಟಿಯಾದ ಬೋರಾನ್ ನೈಟ್ರೈಡ್ ಸಿಕ್ಕಿದೆ ಎಂಬ ಸುದ್ದಿಯನ್ನು ನೀವು ಓದಿರಬಹುದು. ಇದರ ಮೂರನೆಯ ರೂಪವೊಂದು ವಜ್ರಕ್ಕಿಂತ ಹೆಚ್ಚು ಒತ್ತಡ ತಾಳಬಲ್ಲದೆಂದು 2009ರಲ್ಲಿ ಪ್ರಕಟವಾದದ್ದು ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕಾಚಾರ. ಕೈಯಲ್ಲಿ ಹಿಡಿದು ಪರೀಕ್ಷಿಸಿದ ಹರಳಲ್ಲ. ಸುದ್ದಿಯ ತಲೆಬರಹ ಓದುವಾಗ ಈ ವ್ಯತ್ಯಾಸ ಗಮನದಲ್ಲಿರಲಿ.

ಇನ್ನು ನಾನು ಹೇಳಲೇಬೇಕೆಂದು ಬಂದ ಸಂಗತಿ. ನಮ್ಮ ಕರ್ನಾಟಕದವರೇ ಆದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1934ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು, 2014ರಲ್ಲಿ ಭಾರತ ರತ್ನ ಪಡೆದವರು. ಅವರು 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಬೆಂಗಳೂರಿನ ಜಕ್ಕೂರಿನಲ್ಲಿದೆ. 2004ರಲ್ಲಿ ಗ್ರಾಫೈಟಿನ ಒಂದೇ ಒಂದು ಹಾಳೆಯನ್ನು, ಅಂದರೆ ಗ್ರಾಫೀನನ್ನು, ಇಂಗ್ಲೆಂಡಿನಲ್ಲಿ ಬಿಡಿಸಿ ತೆಗೆದ ಮೇಲೆ ಜಗತ್ತಿನ ವಿಜ್ಞಾನಿಗಳ ಗಮನ ಬಿಳಿ ಗ್ರಾಫೈಟಿನ ಹಾಳೆಯ ಕಡೆಗೂ ತಿರುಗಿತು. ರಾವ್ ಅವರೂ ಉಮೇಶ್ ವಾಘ್ಮರೆ ಮೊದಲಾದ ಸಹೋದ್ಯೋಗಿಗಳೂ ವಿದ್ಯಾರ್ಥಿಗಳೂ ಸೇರಿ 2010ರಲ್ಲಿ ಅಂತಹ ತೆಳು ಹಾಳೆಗಳನ್ನು ತಯಾರಿಸುವ ಒಂದು ವಿಧಾನವನ್ನು ಪ್ರಕಟಿಸಿದರು. ಅವರು ತೆಗೆದುಕೊಂಡ ಕಚ್ಚಾ ಪದಾರ್ಥಗಳು ಯಾವುವು ಗೊತ್ತೇ? ಬೋರಿಕ್ ಆಮ್ಲ ಮತ್ತು ಯೂರಿಯಾ.

ಬೋರಿಕ್ ಆಮ್ಲವೆಂದರೆ ಕೇರಂ ಬೋರ್ಡಿನ ಮೇಲೆ ಉದುರಿಸುವ ಪುಡಿ. ಯೂರಿಯಾ ಎಂದರೆ ಗದ್ದೆಗೆ ಎರಚುವ ಗೊಬ್ಬರ. ಪ್ರಯೋಗಾಲಯದವು ಹೆಚ್ಚು ಶುದ್ಧ ಅಷ್ಟೇ, ವಸ್ತು ಅದೇ. ಎರಡನ್ನೂ ನೀರಿನಲ್ಲಿ ಕರಗಿಸಿ, ನೀರನ್ನು ಮೆಲ್ಲಗೆ ಆರಿಸಿ, ಉಳಿದದ್ದನ್ನು ಸಾರಜನಕ ಅನಿಲ ಹರಿಯುವ ಕುಲುಮೆಯಲ್ಲಿ 900 ಡಿಗ್ರಿಗೆ ಕಾಯಿಸಿದರು. ಬೋರಿಕ್ ಆಮ್ಲ ಬಿಸಿಗೆ ನೀರು ಬಿಟ್ಟು ಬೋರಾನ್ ಆಕ್ಸೈಡ್ ಆಗುತ್ತದೆ. ಯೂರಿಯಾ ಒಡೆದು ಅಮೋನಿಯಾ ಕೊಡುತ್ತದೆ. ಅಮೋನಿಯಾದ ಸಾರಜನಕ ಬೋರಾನಿನ ಪಕ್ಕದಲ್ಲಿ ಕುಳಿತು ಆಮ್ಲಜನಕವನ್ನು ನೀರಾಗಿ ಹೊರಗೆ ಕಳಿಸುತ್ತದೆ. ಯೂರಿಯಾ ಪ್ರಮಾಣ ಹೆಚ್ಚಿಸಿದಷ್ಟೂ ಹಾಳೆಗಳ ಸಂಖ್ಯೆ ಇಳಿಯುತ್ತ ಬಂದು ಒಂದರಿಂದ ನಾಲ್ಕು ಪದರಗಳ ಬೋರಾನ್ ನೈಟ್ರೈಡ್ ದೊರೆಯಿತು. ಇಂಗಾಲದ ಡೈಆಕ್ಸೈಡನ್ನು ಹೀರಿ ಹಿಡಿಯುವ ಗುಣವೂ ಅದರಲ್ಲಿ ಚೆನ್ನಾಗಿತ್ತು. ಕೇರಂ ಪುಡಿ ಬೋರ್ಡಿನ ಮೇಲೆ ಏಕೆ ಜಾರುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಬೋರಿಕ್ ಆಮ್ಲದ ಹರಳೂ ಹಾಳೆ ಹಾಳೆಯಾಗಿಯೇ ಇರುತ್ತದೆ.

ಮಕ್ಕಳಿಗೆ ಒಂದು ಕಟ್ಟುನಿಟ್ಟಿನ ಮಾತು. ಎರಡೂ ಮನೆಯಲ್ಲಿ ಸಿಗುತ್ತವೆಂದು ಯಾರೂ ಒಲೆಯ ಮೇಲೆ ಇಡಬಾರದು. ಯೂರಿಯಾ ಕಾದಾಗ ಬರುವ ಹೊಗೆ ಕಣ್ಣಿಗೂ ಎದೆಗೂ ಅಪಾಯಕಾರಿ. ಅಡಿಗೆಯ ಒಲೆಯಲ್ಲಿ ಆ ಶಾಖವೂ ಬರದು, ಗಾಳಿಯನ್ನು ದೂರವಿಡುವ ಏರ್ಪಾಡೂ ಇರದು. ಬೋರಿಕ್ ಪುಡಿಯನ್ನು ಸಣ್ಣ ಮಕ್ಕಳ ಬಾಯಿಗೆ ಹೋಗದಂತೆ ಇಡುವುದು ತಾಯಂದಿರ ಜವಾಬ್ದಾರಿ.

ಈ ಹಾಳೆಗಳಿಂದ ಈಗ ಆಗುತ್ತಿರುವ ಕೆಲಸವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಗ್ರಾಫೀನ್ ಹಾಳೆಯನ್ನು ಒರಟಾದ ನೆಲದ ಮೇಲೆ ಹಾಸಿದರೆ ಅದರ ಎಲೆಕ್ಟ್ರಾನ್‌ಗಳು ಎಡವುತ್ತವೆ. 2010ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅದನ್ನು ಬೋರಾನ್ ನೈಟ್ರೈಡಿನ ಮೇಲೆ ಹಾಸಿ ನೋಡಿದಾಗ ಎಲೆಕ್ಟ್ರಾನ್‌ಗಳ ಓಟ ಬಹಳ ಸಲೀಸಾಯಿತು. ಅದಕ್ಕೆ ಬೇಕಾದ ಅತಿ ಶುದ್ಧ ಹರಳುಗಳನ್ನು ಬೆಳೆದುಕೊಟ್ಟವರು ಜಪಾನಿನ ತ್ಸುಕುಬಾದ ತಾಕಾಶಿ ತಾನಿಗುಚಿ ಮತ್ತು ಕೆಂಜಿ ವಾತಾನಾಬೆ ಎಂಬ ಇಬ್ಬರು. ಜಗತ್ತಿನ ನೂರಾರು ಪ್ರಯೋಗಾಲಯಗಳಿಗೆ ಅವರ ಹರಳುಗಳು ಹೋಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರಿಂದಮ್ ಘೋಷ್ ಅವರ ತಂಡವೂ ಗ್ರಾಫೀನನ್ನು ಬೋರಾನ್ ನೈಟ್ರೈಡ್ ಹಾಳೆಗಳ ನಡುವೆ ಇಟ್ಟು ಪ್ರಯೋಗಗಳನ್ನು ಮಾಡುತ್ತಿದೆ.

ಪಾಲಕರು ಕೇಳುವ ಪ್ರಶ್ನೆ ನನಗೆ ಗೊತ್ತಿದೆ. ಇದೆಲ್ಲ ಸರಿ, ನಮ್ಮ ಮಗು ಎಲ್ಲಿಗೆ ಹೋಗಬೇಕು? ಎರಡು ದಾರಿಗಳನ್ನು ಹೇಳುತ್ತೇನೆ. ಲೋಹ, ಲೇತ್, ಸಾಣೆಯ ಕಡೆ ಒಲವಿರುವವರು ಎಸ್.ಎಸ್.ಎಲ್.ಸಿ. ನಂತರ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾಕ್ಕೆ ಸೇರಬಹುದು. ಜಿ.ಟಿ.ಟಿ.ಸಿ. ಎಂದು ಕರೆಯುವ ಈ ಸಂಸ್ಥೆಯ ಕೇಂದ್ರ ನಮಗೆ ಹತ್ತಿರದ ಹೊಸಪೇಟೆಯಲ್ಲಿಯೇ ಇದೆ. ಓರಗೆಯವರು ಅಂಗಡಿಯಲ್ಲಿ ನೋಡಿ ಕಲಿಯುವ ಟರ್ನರ್ ಕೆಲಸವನ್ನು ಅಲ್ಲಿ ಕಾರಣ ಸಹಿತ ಕಲಿಸುತ್ತಾರೆ. ರಸಾಯನಶಾಸ್ತ್ರದಲ್ಲಿ ಆಸಕ್ತಿಯಿರುವವರು ಪಿ.ಯು. ವಿಜ್ಞಾನ, ಬಿ.ಎಸ್ಸಿ. ಓದುತ್ತ ಜಕ್ಕೂರಿನ ಸಂಸ್ಥೆಯ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕಬಹುದು. ರಜೆಯ ದಿನಗಳಲ್ಲಿ ವಿಜ್ಞಾನಿಗಳ ಜೊತೆ ಪ್ರಯೋಗಾಲಯದಲ್ಲಿ ಕುಳಿತು ಕೆಲಸ ಮಾಡುವ ಅವಕಾಶ ಅದು. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ. ತುಂಬಲು ತೊಡಕಾದರೆ ಶಾಲೆಯ ಅವಧಿ ಮುಗಿದ ಮೇಲೆ ನನ್ನ ಬಳಿ ಬನ್ನಿ, ಕೂಡಿ ಕುಳಿತು ತುಂಬೋಣ.